ಕಾರಣ ಬರೆಯಲು ಬಿಟ್ಟ ಜಾಗ

ಒಂದೂವರೆ ಇಂಚು. ಅಷ್ಟೇ ಇತ್ತು ಗೆರೆ.
'ಬರಲು ಒಪ್ಪದಿರುವ ಕಾರಣ' ಅನ್ನುವಲ್ಲಿ
ಹವಾಲ್ದಾರರು ಬೆರಳಿಟ್ಟು ಹಿಂದಿಯಲ್ಲೊಮ್ಮೆ,
ಅರಸೀಕೆರೆಯವನು ಅಂದಮೇಲೆ ಕನ್ನಡದಲ್ಲೊಮ್ಮೆ ಕೇಳಿದರು:
'ಹೆದರಿಕೇನಾ?'
ಅಲ್ಲ ಅಂದೆ.
ಆಮೇಲೆ, ಅದನ್ನೂ ಬರ್ಕೊಳಿ ಸಾರ್, ಅಂದೆ.
ಅವರು ನಗಲಿಲ್ಲ. ಪೆನ್ನನ್ನು ನನ್ನ ಕಡೆಗೇ ತಿರುಗಿಸಿಟ್ಟರು.

ಏನಂತ ಬರೀಲಿ.
ಸರ್ಕಲ್ಲಿನ ಫ್ಲೆಕ್ಸಿನಲ್ಲಿ ನನ್ನ ತಲೆ ಇದೆ,
ಕತ್ತಿನಿಂದ ಕೆಳಕ್ಕೆ ಯಾರದೋ ಮೈ,
ಎದೆ ತುಂಬ ಯಾರೋ ಗೆದ್ದ ಪದಕ.
ಮಧುಚಂದ್ರ ತಲೆಗೆ ಇನ್ನೂರರಂತೆ ಎತ್ತಿ ಮಾಡಿಸಿದ್ದು,
ಕೆಳಗೆ ಸಾಲಾಗಿ ಅವರ ಹದಿನಾರು ಮುಖ, ಬಟನ್ನಿನಷ್ಟು.
'ಕುತ್ತಿಗೆ ಸ್ವಲ್ಪ ಸೊಟ್ಟ ಬಂತು ಕಣೋ' ಅಂದಿದ್ದ.
ಬಂದಿತ್ತು.

ಅಪ್ಪ ಗೂಡ್ಸ್ ಆಟೋದ ಮುಂದಿನ ಗಾಜಿಗೆ
ಕೆಂಪಕ್ಷರದಲ್ಲಿ 'ಆರ್ಮಿ' ಅಂಟಿಸಿ ಮೂರು ವಾರ.
ತಿಪಟೂರು ರಸ್ತೆಯ ಪೊಲೀಸರು ಎರಡು ಸಲ
ಕೈ ಅಡ್ಡ ಹಿಡಿಯದೆ ಬಿಟ್ಟರಂತೆ.
ಕೊಬ್ಬರಿ ಮೂಟೆ ಇಳಿಸುವ ಹಮಾಲರು
ಸುಬೇದಾರಪ್ಪ ಅಂತ ಕರೆದರಂತೆ.
ಇದನ್ನೆಲ್ಲ ಅಪ್ಪ ಊಟಕ್ಕೆ ಕೂತು
ನನಗಲ್ಲ, ತಟ್ಟೆಗೆ ಹೇಳುತ್ತಿದ್ದ.

ಮೊದಲು ತುಂಬಿದ ಕಾಗದದಲ್ಲಿ ಇನ್ನೊಂದು ಜಾಗವಿತ್ತು:
ದುಡ್ಡು ಯಾರಿಗೆ ಸೇರಬೇಕು, ಎಷ್ಟು ಪಾಲು.
ಹೊಂಬಾಳಮ್ಮ, ತಾಯಿ, ನೂರು ಪರ್ಸೆಂಟ್ ಅಂತ ಬರೆದು
ತಲೆಯೆತ್ತಿದರೆ ಇಡೀ ಕೋಣೆ ಬಗ್ಗಿ
ಅಮ್ಮಂದಿರ ಹೆಸರು ಬರೆಯುತ್ತಿತ್ತು.
ಪೆನ್ನುಗಳ ಸದ್ದು ಕುರಿಮಂದೆ ಮೇಯುವ ಹಾಗೆ.
ಅದೇ ಕಾರಣ ಅನ್ನೋಣವೆಂದರೆ,
ಅವತ್ತು ಹೊರಗೆ ಬಂದು ಎರಡು ಪ್ಲೇಟು ಪಲಾವ್ ತಿಂದಿದ್ದೇನೆ.

ಹಗ್ಗದ ವಿಷಯ ಯಾರಿಗೂ ಹೇಳಿಲ್ಲ.
ಹಾಸನದ ಸ್ಟೇಡಿಯಮ್ಮು, ಇನ್ನೂ ಬೆಳಕು ಹರಿದಿರಲಿಲ್ಲ.
ನಾಲ್ಕು ಸುತ್ತು. ಕೊನೆಯದರಲ್ಲಿ ಪಕ್ಕದವನು
'ಬಾಯಿ ಮುಚ್ಚು, ಮೂಗಲ್ಲಿ ಎಳ್ಕೊ' ಅಂದ.
ಮುಚ್ಚಿದೆ. ಮುಂದೆ ಬಂದೆ.
ಬೆನ್ನ ಹಿಂದೆ ಹಸಿರು ಟೀಶರ್ಟಿನ ಇಬ್ಬರು
ಹಗ್ಗ ಎಳೆದು ಹಿಡಿದರು.
ಆಚೆ ಅವನು,
ಹಗ್ಗಕ್ಕೆ ಎದೆ ತಾಗಿಸಿ ನಿಂತ ನಾನೂರ ಹದಿನೇಳು.
ಬಾಯಿ ತೆರೆದಿತ್ತು.
ಹೆಸರು ಕೇಳಲಿಲ್ಲ ನಾನು. ಜಾವಗಲ್ ಕಡೆಯ ಮಾತು.
ಮುಂದಿನ ಸಲಕ್ಕೆ ವಯಸ್ಸು ಮೀರುತ್ತೆ ಅಂತ
ಗೇಟಿನವನಿಗೆ ಹೇಳುತ್ತಿದ್ದ, ಗೇಟಿನವನು ಕೇಳುತ್ತಿರಲಿಲ್ಲ.

'ನನ್ನ ಜಾಗಕ್ಕೆ ಅವನನ್ನ ಕರೀಬಹುದಾ ಸಾರ್?'
'ಅಂಗೆಲ್ಲ ಆಗಲ್ಲ ತಮ್ಮಾ.'
ಬರೆದೆ: ಸ್ವಂತ ಕಾರಣ.
ಬರೆದ ಮೇಲೂ ಅರ್ಧ ಇಂಚು ಉಳಿದಿತ್ತು.

ಸ್ಟಿಕ್ಕರ್ ಕೆರೆಯಲು ಅಪ್ಪನಿಗೆ ಎರಡು ಬ್ಲೇಡು ಬೇಕಾಯಿತು.
'ಮಿ' ಬೇಗ ಬಂತು. 'ಆರ್' ಮಂಗಳವಾರದ ಸಂತೆಯವರೆಗೂ ಓಡಾಡಿತು.
ಹೊರಡಬೇಕಿದ್ದ ರಾತ್ರಿ ಬೆಳಗಾವಿ ಗಾಡಿ
ಜಂಕ್ಷನ್ನಿಗೆ ಬಂದದ್ದು, ನಿಂತದ್ದು, ಹೊರಟದ್ದು
ಮನೆಯವರೆಗೂ ಕೇಳಿತು.
ಅಪ್ಪ ಟೀವಿಯ ಸೌಂಡು ಜಾಸ್ತಿ ಮಾಡಿದ.
ಅಮ್ಮ ಕೇಳಿದ್ದು ಒಂದೇ:
'ಆ ಟ್ರಂಕನ್ನ ಅಂಗಡಿಯೋರು ವಾಪಸ್ ತಗೋತಾರಾ?'
ಪೇಂಟರ್ ಹೆಸರು ಬರೆದಾಗಿತ್ತು, ತಗೊಳ್ಳಲ್ಲ.
ಈಗ ಅದರಲ್ಲಿ ಹುರುಳಿ ಇದೆ.
ಮೇಲೆ ಬಿಳಿ ಬಣ್ಣದಲ್ಲಿ ನಾನು, ನನ್ನೂರು, ಪಿನ್‌ಕೋಡು.

ಅಲಾರಂ ತೆಗೆದಿದ್ದೇನೆ.
ಆದರೂ ನಾಲ್ಕಕ್ಕೆ ಕಾಲುಗಳಿಗೆ ಎಚ್ಚರ.
ಅವುಕ್ಕೆ ಯಾರೂ ಹೇಳಿಲ್ಲವೇನೋ.
ಮಾಲೇಕಲ್ ರಸ್ತೆಯಲ್ಲಿ ಓಡುತ್ತೇನೆ,
ಫ್ಲೆಕ್ಸಿದ್ದ ಕಡೆ ಎರಡು ಬೊಂಬು ಮಾತ್ರ ನಿಂತಿವೆ,
ಹಾಲಿನ ಕ್ಯಾನಿನವರು ನೋಡಿಯೂ ನೋಡದ ಹಾಗೆ ದಾಟುತ್ತಾರೆ.
ಕೊನೆಯ ಸುತ್ತಿನಷ್ಟು ದೂರ ಬಂದಾಗ
ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ
ಬಾಯಿ ಮುಚ್ಚುತ್ತೇನೆ.